ಸ್ಕೂಟರಿಗೆ ಕಾವಲು ಕೂತ ವಿಜಯದಶಮಿ

ನಿಯಮ ಎಂದರೆ ಕೆಲವರಿಗೆ ಮೈ ಉರಿ. ನನಗೆ ಅದು ಇಸ್ತ್ರಿ ಮಾಡಿದ ಸೀರೆ ಉಟ್ಟಷ್ಟು ಹಿತ. ಹುಡುಗಿಯರ ಹಾಸ್ಟೆಲಿನಲ್ಲಿ ವಾರ್ಡನ್ ಆಗಿದ್ದು ನಿವೃತ್ತಳಾದ ಮೇಲೆ, ಶಿಸ್ತು ಕಲಿಸಲು ಯಾರೂ ಸಿಗದೆ ಒದ್ದಾಡುತ್ತಿದ್ದಾಗ ಪೇಟೆಗೆ ಹೊಸದಾಗಿ ಬ್ಯಾಟರಿ ಸ್ಕೂಟರು ಬಂತು. ಲೈಸೆನ್ಸು ಬೇಡ, ಗೇರಿಲ್ಲ, ಸದ್ದಿಲ್ಲ. ಕೊಂಡುಬಿಟ್ಟೆ.

ಕೊಂಡದ್ದಕ್ಕೆ ಒಳಗಿನ ಕಾರಣ ನನ್ನ ಗೆಳತಿ ವಿಮಲ. ಕಾಲೇಜಿನ ದಿನಗಳಲ್ಲಿ ನನ್ನನ್ನು ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಮೈಸೂರೆಲ್ಲ ಸುತ್ತಿಸಿದವಳು. ನನಗೆ ಸೈಕಲ್ ಬರಲೇ ಇಲ್ಲ, ಈ ಗಾಡಿಯನ್ನು ಮಾತ್ರ ಹೇಗೋ ಕಲಿತೆ. ಒಮ್ಮೆಯಾದರೂ ಅವಳನ್ನು ನನ್ನ ಹಿಂದೆ ಕೂರಿಸಿಕೊಳ್ಳಬೇಕೆಂಬ ಆಸೆ ಈ ವಯಸ್ಸಿಗೂ ಹೋಗಿರಲಿಲ್ಲ. ಬನ್ನಿಮಂಟಪದ ಮನೆ ಖಾಲಿ ಮಾಡಿ, ದಸರಾ ಮುಗಿದ ಮರುದಿನವೇ ಅವಳು ಖಾಯಮ್ಮಾಗಿ ಧಾರವಾಡದ ತಂಗಿಯ ಹತ್ತಿರ ಹೊರಡುವವಳಿದ್ದಳು. “ವಿಜಯದಶಮಿ ಸಾಯಂಕಾಲ ಬಂದ್ಬುಡು ಕಣೇ. ನಿನ್ ಗಾಡೀಲಿ ಒಂದ್ ರೌಂಡು, ಆಮೇಲೆ ನಮ್ ತಾರಸಿಯಿಂದ ಪಂಜಿನ ಕವಾಯತು” ಎಂದಿದ್ದಳು.

ಸ್ಕೂಟರಿನ ಜೊತೆ ಕೊಟ್ಟ ಸೂಚನೆಗಳು ನನಗೆ ಬಾಯಿಪಾಠ. ಅರ್ತಿಂಗ್ ಇರುವ ಮೂರು ಪಿನ್ನಿನ ಸಾಕೆಟ್ಟೇ ಆಗಬೇಕು, ಎಕ್ಸ್‌ಟೆನ್ಷನ್ ಬಾಕ್ಸು ಕೂಡದು, ಒದ್ದೆ ಕೈ ಕೂಡದು, ಚಾರ್ಜಿಗೆ ಹಾಕಿ ಮನೆ ಬಿಟ್ಟು ಹೋಗಕೂಡದು. ಕೃಷ್ಣಮೂರ್ತಿಪುರದ ನಮ್ಮ ಹಳೇ ಮನೆಯಲ್ಲಿ ಅಂಥ ಸಾಕೆಟ್ಟು ಇದ್ದದ್ದು ಬಚ್ಚಲಲ್ಲಿ. ಇನ್ನೊಂದು ಗ್ಯಾಸ್ ಸಿಲಿಂಡರಿನ ಪಕ್ಕ. ಎರಡೂ ಆಗದೆಂದು ವರಾಂಡಕ್ಕೆ ಬೇರೆ ವೈರು ಎಳೆಸಿದೆ. ಅಂಗಳದಲ್ಲಿ ಗುಂಡಿ ತೋಡಿಸಿ, ಇದ್ದಿಲು ಉಪ್ಪು ತುಂಬಿಸಿ ಅರ್ತಿಂಗ್ ಮಾಡಿಸಿದೆ. ಗುಂಡಿ ಒಣಗಬಾರದಲ್ಲ, ದಿನಾ ತುಳಸಿಗೆ ನೀರೆರೆದ ಮೇಲೆ ಅದಕ್ಕೂ ಒಂದು ಚೊಂಬು. “ಚಿಗುರ್ತಾ ಇದೆಯೇನೇ?” ಎನ್ನುತ್ತಿದ್ದರು ನಮ್ಮ ಯಜಮಾನರು.

ಆಯುಧಪೂಜೆಯ ದಿನ ಸ್ಕೂಟರಿಗೆ ಹಾರ ಹಾಕಿ, ಚಾರ್ಜರನ್ನು ದೇವರ ಮುಂದಿಟ್ಟೆ. ಪೂಜೆಗಿಟ್ಟದ್ದನ್ನು ಮರುದಿನದ ಮಂಗಳಾರತಿಯವರೆಗೆ ಮುಟ್ಟಬಾರದು. ಅದು ನಮ್ಮತ್ತೆಯ ಕಾಲದ ನಿಯಮ. ಚಾರ್ಜರನ್ನು ಅಲ್ಲಿಟ್ಟಾದ ಮೇಲೆ ನೋಡಿದರೆ ಬ್ಯಾಟರಿ ಖಾಲಿ. “ತೆಗೆದು ಚುಚ್ಚು ಕಣೇ, ದೇವರೇನೂ ಶಾಕ್ ಹೊಡಿಯಲ್ಲ” ಎಂದರು ಇವರು. ನಾನು ಒಪ್ಪಲಿಲ್ಲ.

ವಿಜಯದಶಮಿಯ ಪೂಜೆ ಮುಗಿಯಿತು, ಕರೆಂಟು ಹೋಯಿತು. ಬಂದಾಗ ಮಧ್ಯಾಹ್ನ ಕಳೆದಿತ್ತು. ಯಜಮಾನರು ಮೆರವಣಿಗೆ ನೋಡಲು ಹೋದರು. ನಾನು ಕೈ ಒರೆಸಿಕೊಂಡು ಪ್ಲಗ್ ಚುಚ್ಚಿ, ಕುರ್ಚಿ ಹಾಕಿಕೊಂಡು ಚಾರ್ಜರಿನ ಕೆಂಪು ದೀಪ ನೋಡುತ್ತ ಕೂತೆ.

ಸಂಜೆ ವಿಮಲಳ ಫೋನು. “ಎಲ್ಲಿದೀಯೇ? ಆಟೋ ಹತ್ತಿ ಬಾರೇ!”

“ಚಾರ್ಜಿಗೆ ಹಾಕಿದೀನಿ, ಬಿಟ್ಟು ಬರೋ ಹಾಗಿಲ್ಲ.”

“ಸ್ವಿಚ್ ಆರಿಸಿ ಬಾರೇ, ವಾರ್ಡನಮ್ಮಾ!”

ಇಷ್ಟು ಸರಳ ಸಂಗತಿ ನನಗೆ ಹೊಳೆದೇ ಇರಲಿಲ್ಲ. ಹೊಳೆದಿದ್ದರೂ, ಆಟೋದಲ್ಲಿ ಹೋದರೆ ಅವಳನ್ನು ಹಿಂದೆ ಕೂರಿಸಿಕೊಳ್ಳುವುದು ಹೇಗೆ? ಅಷ್ಟರಲ್ಲಿ ಕಿಟಕಿಯಾಚೆ ವರಾಂಡದಲ್ಲಿ ದೀಪ ಹಸಿರಾಯಿತು. “ಚಾರ್ಜ್ ಆಯ್ತು ಕಣೇ!” ಎಂದು ಕೂಗಿ, ರಿಸೀವರ್ ಪಕ್ಕಕ್ಕಿಟ್ಟು ಓಡಿದೆ. ಮೊದಲು ಸ್ವಿಚ್ಚು, ಆಮೇಲೆ ಪ್ಲಗ್ಗು, ಆಮೇಲೆ ಗಾಡಿಯ ಕಡೆಯ ಪಿನ್ನು. ಕ್ರಮವಾಗಿ ಬಿಡಿಸಿ ವಾಪಸ್ಸು ಬಂದರೆ ಅವಳು ಫೋನು ಇಟ್ಟುಬಿಟ್ಟಿದ್ದಳು. ನಾನು ಹೊರಟೇಬಿಟ್ಟೆನೆಂದುಕೊಂಡು, ತಾರಸಿಯನ್ನೂ ಪಂಜುಗಳನ್ನೂ ಬಿಟ್ಟು, ಕೆಳಗಿಳಿದು ಗೇಟಿನ ಹತ್ತಿರ ನಿಂತಿದ್ದಳಂತೆ.

ಚಾರ್ಜಾದ ಬ್ಯಾಟರಿ ತಣ್ಣಗಾಗದೆ ಗಾಡಿ ತೆಗೆಯಬಾರದೆಂಬುದು ಇನ್ನೊಂದು ನಿಯಮ. ಅವಳು ಅಲ್ಲಿ ಕಾದಷ್ಟು ಹೊತ್ತೂ ನಾನು ಇಲ್ಲಿ ಸೀಟು ಎತ್ತಿ, ಬ್ಯಾಟರಿ ಡಬ್ಬಿಯ ಮೇಲೆ ಅಂಗೈ ಇಟ್ಟುಕೊಂಡು ಕೂತಿದ್ದೆ.