ಅಜ್ಜಿಯ ಫೋಟೋ ಮತ್ತು ನನ್ನ ಕನ್ನಡಿ ಇಲ್ಲದ ಕ್ಯಾಮೆರಾ

ಈ ವರ್ಷ ಕಾಫಿ ಹೂವಾಗುವುದರೊಳಗೆ ಮಿರರ್‌ಲೆಸ್ ಕ್ಯಾಮೆರಾ ಕೊಂಡೇ ಕೊಳ್ಳುತ್ತೇನೆ, ಆಮೇಲೆ ಮೂಡಿಗೆರೆ ತಾಲ್ಲೂಕಿನಲ್ಲಿ ನನ್ನ ಸರಿಸಮ ಫೋಟೋ ತೆಗೆಯುವವನು ಇನ್ನೊಬ್ಬ ಇರುವುದಿಲ್ಲ ಎಂದು ನಾನು ಘೋಷಿಸಿದ್ದು ಶಿವರಾತ್ರಿಯ ಮರುದಿನ ಬೆಳಿಗ್ಗೆ, ಕಡುಬು ತಿನ್ನುತ್ತಾ. ಕೇಳಿಸಿಕೊಳ್ಳಲು ಇದ್ದವಳು ಹೆಂಡತಿ ನಾಗಶ್ರೀ ಒಬ್ಬಳೇ.

"ಹಳೇದಕ್ಕೆ ಎಂತ ಆಗಿದೆ?" ಎಂದಳು.

"ಅದು ಡಿಎಸ್‌ಎಲ್‌ಆರ್. ಅದರೊಳಗೆ ಒಂದು ಕನ್ನಡಿ ಇರುತ್ತೆ. ಫೋಟೋ ತೆಗೆದಾಗಲೆಲ್ಲ ಅದು ಖಟಕ್ ಅಂತ ಮೇಲೆ ಹಾರಿ ಕೆಳಗೆ ಬೀಳುತ್ತೆ. ಹೊಸದರಲ್ಲಿ ಕನ್ನಡಿಯೇ ಇಲ್ಲ."

"ಅಂದ್ರೆ ಜಾಸ್ತಿ ದುಡ್ಡು ಕೊಟ್ಟು ಒಂದು ಸಾಮಾನು ಕಡಿಮೆ ಇರೋದನ್ನ ತರ್ತೀರಿ."

ತಂತ್ರಜ್ಞಾನದ ಮುನ್ನಡೆಯನ್ನು ಇಷ್ಟು ಸಣ್ಣದಾಗಿ ಕತ್ತರಿಸಿಡುವ ಹೆಂಗಸಿನೊಂದಿಗೆ ವಾದ ಮಾಡಬಾರದು ಎಂದು ನಾನು ಮೂರನೇ ಕಡುಬಿಗೆ ಕೈ ಹಾಕಿದೆ.

ನನ್ನ ಹೆಸರು ಕಲ್ಲೇಶ್. ಮೂಡಿಗೆರೆಯಲ್ಲಿ ಪಂಪ್‌ಸೆಟ್ ಮತ್ತು ಸ್ಪ್ರಿಂಕ್ಲರ್ ಬಿಡಿಭಾಗಗಳ ಅಂಗಡಿ ಇಟ್ಟಿದ್ದೇನೆ. ಅದು ಹೊಟ್ಟೆಪಾಡು. ಒಳಗಿನಿಂದ ನಾನೊಬ್ಬ ಕಲಾವಿದ ಎಂಬುದು ಕಳೆದ ಹದಿನೇಳು ವರ್ಷಗಳಿಂದ ನನಗೊಬ್ಬನಿಗೇ ಗೊತ್ತಿರುವ ಸಂಗತಿ. ಒಂದು ತಿಂಗಳು ನಾನು ಗಿರಾಕಿಗಳಿಗೆ ವಾಷರ್ ಹುಡುಕಿಕೊಡುವುದನ್ನು ಬಿಟ್ಟು ಡಿಎಸ್‌ಎಲ್‌ಆರ್ ಮೇಲೋ ಮಿರರ್‌ಲೆಸ್ ಮೇಲೋ ಎಂಬ ವಿಡಿಯೊಗಳನ್ನು ನೋಡಿದೆ. ಕೊನೆಗೊಂದು ದಿನ ಹಳೆಯ ಕ್ಯಾಮೆರಾವನ್ನು ಚೀಲಕ್ಕೆ ಹಾಕಿಕೊಂಡು ಚಿಕ್ಕಮಗಳೂರಿನ ಬಸ್ಸು ಹತ್ತಿದೆ.

ಕ್ಯಾಮೆರಾ ಅಂಗಡಿಯ ಲಿಖಿತ್ ತಾಳ್ಮೆಯ ಮನುಷ್ಯ. ನಾನು ಏನೇನು ಫೋಟೋ ತೆಗೆಯುತ್ತೇನೆ ಎಂದು ಮೊದಲು ಕೇಳಿಕೊಂಡ. ಕಾಫಿ ಹೂ, ಹಕ್ಕಿ, ಮನೆಯವರು ಎಂದೆ.

"ಹಾಗಾದ್ರೆ ಇನ್ನೊಂದು ಡಿಎಸ್‌ಎಲ್‌ಆರೇ ತಗೊಂಡ್ರೂ ನಡೀತದೆ ಸರ್. ನಿಮ್ಮ ಹಳೇ ಲೆನ್ಸ್ ಆಗುತ್ತೆ, ಬ್ಯಾಟರಿ ದಿನವೆಲ್ಲ ಬರುತ್ತೆ. ಮಿರರ್‌ಲೆಸ್ಸೂ ಒಳ್ಳೇದೇ. ಹಗುರ, ಸದ್ದಿಲ್ಲ, ಫೋಟೋ ಹೇಗೆ ಬರುತ್ತೆ ಅಂತ ತೆಗೆಯೋಕೆ ಮುಂಚೇನೇ ಕಾಣುತ್ತೆ. ಆದ್ರೆ ಕೈಗೆ ಹೊಂದಿಕೊಳ್ಳೋಕೆ ಸ್ವಲ್ಪ ದಿನ ಬೇಕು. ಅರ್ಧ ಗಂಟೆ ಕೂತ್ರೆ ಸೆಟ್ಟಿಂಗ್ ಎಲ್ಲಾ ಸರಿ ಮಾಡಿ ಕೊಡ್ತೀನಿ."

"ನನಗೆ ಹದಿನೇಳು ವರ್ಷದ ಅನುಭವ ಇದೆ," ಎಂದೆ. ಹಾಗೆ ಹೇಳುವಾಗ ನಾನು ಹೊಸ ಕ್ಯಾಮೆರಾವನ್ನು ಆನ್ ಮಾಡುವ ಗುಂಡಿ ಎಲ್ಲಿದೆ ಎಂದು ಹುಡುಕುತ್ತಿದ್ದೆ. ಲಿಖಿತ್ ಮೆಲ್ಲಗೆ ಕೈ ಚಾಚಿ ಆನ್ ಮಾಡಿಕೊಟ್ಟ. ಅಲ್ಲಿಯಾದರೂ ನನಗೆ ಬುದ್ಧಿ ಬರಬೇಕಿತ್ತು. ಬರಲಿಲ್ಲ; ಸೆಟ್ಟಿಂಗಿಗೂ ಕೂರದೆ, ತೋರಿಸಲು ಇಟ್ಟಿದ್ದ ಅದೇ ಕ್ಯಾಮೆರಾ ಕೊಂಡು ಹೊರಟೆ.

ಕ್ಯಾಮೆರಾ ಬಂದ ಸುದ್ದಿ ನಾಗಶ್ರೀಯ ತವರಿಗೆ ಮುಟ್ಟಿತು. ಕೊಟ್ಟಿಗೆಹಾರದ ಈಚೆಗೆ ಅವರದ್ದು ಮೊದಲು ಹತ್ತೆಕರೆಯ ಒಂದೇ ಕಾಫಿ ತೋಟ, ಈಗ ಐದೈದು ಎಕರೆಯ ಎರಡು ತೋಟ. ನನ್ನ ಮಾವ ಬಸವರಾಜಪ್ಪ ಮತ್ತು ಅವರ ತಮ್ಮ ವೀರೇಂದ್ರ ಚಿಕ್ಕಮಾವ ಪಾಲಾಗಿ ಬೇರೆ ಬೇರೆ ಮನೆಯಲ್ಲಿದ್ದಾರೆ. ಒಂಬತ್ತು ವರ್ಷದ ಹಿಂದೆ ಹೂವಿಗೆ ನೀರು ಹೊಡೆಯುವ ಕಾಲದಲ್ಲಿ, ತಮ್ಮನ ಪಾಳಿಯ ದಿನ ಅಣ್ಣ ಕೆರೆಗೆ ಪಂಪ್ ಇಟ್ಟರೆಂದು ಮಾತು ಬೆಳೆದು, ಬೆಳೆದ ಮಾತು ನಿಂತೇಹೋಯಿತು. ಮದುವೆ ಮನೆಗಳಲ್ಲಿ ಒಬ್ಬರು ಮೊದಲ ಪಂಕ್ತಿಗೆ ಕುಳಿತರೆ ಇನ್ನೊಬ್ಬರು ಮೂರನೆಯದಕ್ಕೆ.

ಅವರ ತಾಯಿ ಗಿರಿಜಾಂಬಾ ಅಜ್ಜಿಗೆ ಎಂಬತ್ತಾರು ವರ್ಷ. ಅವರೇ ನನಗೆ ಫೋನ್ ಮಾಡಿದರು.

"ಹೊಸ ಕ್ಯಾಮೆರಾ ತಂದ್ಯಂತೆ. ನನ್ನ ಇಬ್ರು ಮಕ್ಳನ್ನೂ ಅಕ್ಕಪಕ್ಕ ಕೂರ್ಸಿ ಒಂದು ಫೋಟೋ ತೆಗಿ ಮಾರಾಯ. ಕಾಫಿ ಹೂವಿನ ಮುಂದೆ. ನಾನು ಬೇರೆ ಎಂತದೂ ಕೇಳಾದಿಲ್ಲ. ಅವ್ರನ್ನ ಒಪ್ಸೋದು ನನ್ನ ಕೆಲ್ಸ."

"ಅಜ್ಜಿ, ಎಂಥ ಫೋಟೋ ತೆಗೀತೀನಿ ನೋಡಿ," ಎಂದೆ.

ಮಾರ್ಚ್ ಮಳೆ ಬಿದ್ದ ಹತ್ತನೇ ದಿನ ತೋಟ ಬೆಳ್ಳಗಾಯಿತು. ಕಾಫಿ ಹೂವಿನ ವೈಭವ ಎರಡು ಮೂರು ದಿನದ್ದು. ಆಮೇಲೆ ಅದು ಕಂದಿ ಕಂದುಬಣ್ಣಕ್ಕೆ ತಿರುಗುತ್ತದೆ. ಭಾನುವಾರ ಬೆಳಿಗ್ಗೆ ಎಂಟಕ್ಕೆ ನಾವು ಅಲ್ಲಿದ್ದೆವು. ಗಿಡಗಳ ಮುಂದೆ ಮೂರು ಕುರ್ಚಿ ಹಾಕಿದ್ದರು. ನಡುವೆ ವಿಭೂತಿ ಹಚ್ಚಿಕೊಂಡು, ಹಸಿರು ರೇಷ್ಮೆ ಸೀರೆ ಉಟ್ಟ ಅಜ್ಜಿ. ಎಡಕ್ಕೆ ಮಾವ, ಬಲಕ್ಕೆ ಚಿಕ್ಕಮಾವ. ಇಬ್ಬರೂ ಬಸ್ಸಿನಲ್ಲಿ ಅಪರಿಚಿತರ ಪಕ್ಕ ಸೀಟು ಸಿಕ್ಕವರಂತೆ ಹೊರಗೆ ನೋಡುತ್ತಿದ್ದರು.

ನಾನು ಕ್ಯಾಮೆರಾವನ್ನು ಪೂರ್ತಿ ನಿಶ್ಶಬ್ದಕ್ಕೆ ಇಟ್ಟುಕೊಂಡಿದ್ದೆ. ಪಟಪಟನೆ ಇಪ್ಪತ್ತು ಫೋಟೋ ತೆಗೆದೆ. ಅವರು ಕೂತೇ ಇದ್ದರು. ಇನ್ನೂ ಇಪ್ಪತ್ತು ತೆಗೆದೆ. ಉಸಿರು ಬಿಗಿಹಿಡಿದು ಕೂತಿದ್ದ ಮಾವನವರ ಮುಖ ಕೆಂಪಾಗತೊಡಗಿತು.

"ಯಾವಾಗ ತೆಗೀತೀರಿ ಕಲ್ಲೇಶ್?" ಎಂದರು ತುಟಿ ಅಲುಗಿಸದೆ.

"ನಲವತ್ತು ಆಯ್ತು ಮಾವ."

"ಸದ್ದೇ ಬರ್ಲಿಲ್ಲ?"

"ಇದು ಸದ್ದಿಲ್ಲದೆ ಕೆಲಸ ಮಾಡುತ್ತೆ."

ಚಿಕ್ಕಮಾವ ಕಾಫಿ ಗಿಡಕ್ಕೆ ಹೇಳುವಂತೆ ಹೇಳಿದರು: "ಸದ್ದಿಲ್ಲದೆ ಕೆಲಸ ಮುಗ್ಸೋದು ನಮ್ಮನೇಲಿ ಹೊಸದಲ್ಲ. ಬೇರೆಯವ್ರ ಪಾಳೀಲಿ ಪಂಪನ್ನೂ ಸದ್ದಿಲ್ಲದೆ ಓಡ್ಸಿದೋರು ಇದ್ದಾರೆ."

ಮಾವ ಕುರ್ಚಿಯ ಕೈ ಹಿಡಿದು ಏಳಲು ಹೊರಟರು. ಅಜ್ಜಿ ಒಂದು ಕೈಯಲ್ಲಿ ಅವರ ಪಂಚೆಯನ್ನೂ ಇನ್ನೊಂದು ಕೈಯಲ್ಲಿ ಚಿಕ್ಕಮಾವನ ತೋಳನ್ನೂ ಹಿಡಿದುಕೊಂಡರು. "ನಾನು ಹೋದ್ಮೇಲೆ ಜಗಳ ಆಡ್ಕಳಿ. ಈಗ ಕೂತ್ಕಳಿ," ಎಂದರು. ಆ ಎಳೆದಾಟದಲ್ಲಿ ಒಂದು ಹೂಗೊಂಚಲು ಉದುರಿ ಮಾವನವರ ಬೋಳುತಲೆಯ ಮೇಲೆ ನೆಟ್ಟಗೆ ಕುಳಿತಿತು. ಚಿಕ್ಕಮಾವ ಅದನ್ನು ನೋಡಿದರು. ತಡೆಯಲು ನೋಡಿದರು, ಆಗಲಿಲ್ಲ. ನಗುತ್ತಾ ಕೈ ಚಾಚಿ ಆ ಹೂವನ್ನು ತೆಗೆದರು. ಮಾವನಿಗೂ ನಗು ಬಂತು. ನಡುವೆ ಅಜ್ಜಿ ಇಬ್ಬರನ್ನೂ ನೋಡುತ್ತಿದ್ದರು.

ಆ ಗಳಿಗೆಯನ್ನು ನಾನು ಹಿಡಿದೆ. ಪರದೆಯ ಮೇಲೆ ಚಿತ್ರ ಮೂಡಿತು. ಹದಿನೇಳು ವರ್ಷದಲ್ಲಿ ಅಂಥದ್ದನ್ನು ನಾನು ತೆಗೆದಿರಲಿಲ್ಲ. ಅತ್ತೆ ವಿಮಲಮ್ಮನವರು ಬಗ್ಗಿ ನೋಡಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಎರಡು ಸೆಕೆಂಡಿನ ನಂತರ ಚಿತ್ರ ಮಾಯವಾಯಿತು. ಮೂಲೆಯಲ್ಲಿ ಯಾವುದೋ ಸಣ್ಣ ಕೆಂಪಕ್ಷರ ಮಿಣುಕುತ್ತಿತ್ತು. ಕನ್ನಡಕ ಕಾರಿನಲ್ಲಿತ್ತು. ಶುಭ ಸೂಚನೆ ಇರಬೇಕೆಂದುಕೊಂಡೆ.

ಮಧ್ಯಾಹ್ನ ಮೂಡಿಗೆರೆಗೆ ಬಂದವನೇ ಫೋಟೋಗಳನ್ನು ನೋಡಲು ಅಂಗಡಿಗೆ ಓಡಿದೆ. ಕಂಪ್ಯೂಟರಿನ ಬದಿಯಲ್ಲಿ ಒಂದು ಮೆಮೊರಿ ಕಾರ್ಡು ಆಗಲೇ ಸಿಕ್ಕಿಸಿತ್ತು. ನನ್ನದೇ. ಶನಿವಾರ ಅಭ್ಯಾಸಕ್ಕೆಂದು ತೆಗೆದ ಕಾಗೆಯ ಫೋಟೋಗಳನ್ನು ನೋಡಲು ಅಲ್ಲಿ ಹಾಕಿ ಮರೆತಿದ್ದೆ. ಕ್ಯಾಮೆರಾದಲ್ಲಿ ಕಾರ್ಡು ಹಾಕುವ ಬಾಗಿಲು ತೆರೆದೆ. ಒಳಗೆ ಖಾಲಿ.

ಲಿಖಿತನಿಗೆ ಫೋನ್ ಮಾಡಿದೆ. ಕಾರ್ಡೇ ಇಲ್ಲದೆ ಕ್ಯಾಮೆರಾ ನಲವತ್ತು ಫೋಟೋ ಹೇಗೆ ತೆಗೆಯಿತು ಎಂದು ಕೇಳಿದೆ.

"ಅಂಗಡೀಲಿ ಗಿರಾಕಿಗಳಿಗೆ ತೋರ್ಸೋಕೆ ಅಂತ ಕಾರ್ಡ್ ಇಲ್ದೆ ಇದ್ರೂ ಕ್ಲಿಕ್ ಆಗೋ ಹಾಗೆ ಇಟ್ಟಿರ್ತೀವಿ ಸರ್. ಚಿತ್ರ ಕಾಣುತ್ತೆ, ಉಳಿಯಲ್ಲ. ಮೂಲೇಲಿ ಕೆಂಪಕ್ಷರದಲ್ಲಿ ಕಾರ್ಡ್ ಇಲ್ಲ ಅಂತ ಬರ್ತಿರುತ್ತೆ. ಅವತ್ತು ಅರ್ಧ ಗಂಟೆ ಕೂತ್ಕಳಿ, ಸರಿ ಮಾಡಿ ಕೊಡ್ತೀನಿ ಅಂದಿದ್ದು ಅದಕ್ಕೇ."

ಆಗಲೇ ನಿಜ ಹೇಳಿಬಿಟ್ಟಿದ್ದರೆ ತೋಟದಲ್ಲಿ ಇನ್ನೂ ಎರಡು ದಿನದ ಹೂ ಇತ್ತು. ಹೇಳಲಿಲ್ಲ. ಸಂಜೆ ಅತ್ತೆ ಫೋನ್ ಮಾಡಿ ಫೋಟೋ ಎಲ್ಲಿ ಎಂದಾಗ ನನ್ನ ಬಾಯಿಂದ ಬಂದದ್ದು ಇದು: "ಅದಿನ್ನೂ ರಾ ಫೈಲ್, ಅಂದ್ರೆ ಹಸೀದೇ ಇದೆ ಅತ್ತೆ. ಸ್ವಲ್ಪ ಕೆಲಸ ಆಗಬೇಕು."

ಅತ್ತೆ ಆ ಕಡೆ ಅಜ್ಜಿಗೆ ಹೇಳುವುದು ಕೇಳಿಸಿತು: "ಇನ್ನೂ ಕಾಯಿ ಇದೆಯಂತೆ, ಹಣ್ಣಾಗ್ಬೇಕಂತೆ."

"ಆಗ್ಲಿ ಬಿಡು. ಅವಸರದಲ್ಲಿ ಕಾಯಿ ಕುಯ್ಯಬಾರ್ದು," ಎಂದರು ಅಜ್ಜಿ.

ಅಂದಿನಿಂದ ದಿನಕ್ಕೊಂದು ಫೋನ್. "ಹಣ್ಣಾಯ್ತಾ?" ನಾಲ್ಕನೇ ದಿನ ಬಣ್ಣ ಸರಿಮಾಡುತ್ತಿದ್ದೇನೆ ಎಂದೆ. ಆರನೇ ದಿನ ದೊಡ್ಡ ಪ್ರಿಂಟಿಗೆ ಬೆಂಗಳೂರಿಗೆ ಕಳಿಸಿದ್ದೇನೆ ಎಂದೆ. ಎಂಟನೇ ದಿನ ಸಾಗುವಾನಿ ಫ್ರೇಮಿಗೆ ಪಾಲಿಶ್ ಆಗುತ್ತಿದೆ ಎಂದೆ. ಇಲ್ಲದ ಫೋಟೋಕ್ಕೆ ಇಲ್ಲದ ಫ್ರೇಮು, ಇಲ್ಲದ ಫ್ರೇಮಿಗೆ ಪಾಲಿಶ್.

ಒಂಬತ್ತನೇ ದಿನ ವೀರೇಂದ್ರ ಚಿಕ್ಕಮಾವ ಅಂಗಡಿಗೇ ಬಂದರು. ಬೇಡದ ಒಂದು ಗೇಟ್‌ವಾಲ್ವ್ ಕೇಳಿ, ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಆ ಫೋಟೋ ನಂಗೂ ಒಂದು ಕಾಪಿ ಹಾಕ್ಸು. ಅಣ್ಣಂಗೆ ಹೇಳಾದು ಬೇಡ," ಎಂದರು. ಆಗಲಿ ಎಂದು ತಲೆಯಾಡಿಸಿದೆ.

ಅವರು ಹೋಗಿ ಗಂಟೆಯೊಳಗೆ ಮಾವನವರ ಫೋನ್. "ಕಲ್ಲೇಶ್, ನಮ್ಮ ವೀರಂಗೂ ಒಂದು ಕಾಪಿ ಮಾಡ್ಸಿ. ನಾನು ಹೇಳ್ದೆ ಅಂತ ಹೇಳ್ಬೇಡಿ."

ಫೋನ್ ಇಟ್ಟು ನಾನು ಗೇಟ್‌ವಾಲ್ವ್‌ಗಳ ನಡುವೆ ಕುಳಿತೆ. ಒಂಬತ್ತು ವರ್ಷದಲ್ಲಿ ಆಗದಿದ್ದದ್ದು ಆ ಎರಡು ಸೆಕೆಂಡಿನಲ್ಲಿ ಆಗಿತ್ತು, ಮತ್ತು ಅದನ್ನು ಕಳೆದವನು ನಾನು. ಗಿರಾಕಿ ಒಬ್ಬರು ಹುಷಾರಿಲ್ಲವೇ ಎಂದು ಕೇಳಿದರು. ಪಿತ್ತ ಎಂದೆ. ಸುಳ್ಳು ಅಷ್ಟು ಹೊತ್ತಿಗೆ ಉಸಿರಾಟದಷ್ಟು ಸಲೀಸಾಗಿತ್ತು.

ಆಗಲಾದರೂ ಹೇಳಬೇಕಿತ್ತು. ಬದಲಿಗೆ ನಮ್ಮ ಮದುವೆಯ ಆಲ್ಬಮ್ ಹೊತ್ತುಕೊಂಡು ಚಿಕ್ಕಮಗಳೂರಿಗೆ ಹೋದೆ. ಇದರಲ್ಲಿರುವ ಮೂವರ ಮುಖ ತೆಗೆದು ಕಾಫಿ ಹೂವಿನ ಮುಂದೆ ಕೂರಿಸಿಕೊಡು ಎಂದು ಲಿಖಿತನನ್ನು ಬೇಡಿಕೊಂಡೆ. ಅವನಿಗೆ ಮನಸ್ಸಿರಲಿಲ್ಲ. "ಇದು ಸರಿ ಹೋಗಲ್ಲ ಸರ್," ಎಂದ. ನಾನು ಬಿಡಲಿಲ್ಲ. ಕಂಪ್ಯೂಟರಿನ ಎಐ ತನ್ನ ಬುದ್ಧಿಯನ್ನೂ ಸ್ವಲ್ಪ ಸೇರಿಸಿತು. ಚಿತ್ರ ಲಕಲಕ ಹೊಳೆಯುತ್ತಿತ್ತು. ಅದನ್ನು ಫ್ರೇಮು ಹಾಕಿಸಿ ತಂದು, ಮನೆಯಲ್ಲಿ ನಾಗಶ್ರೀಯ ಮುಂದೆ ಇಟ್ಟೆ.

ಅವಳು ಫ್ರೇಮನ್ನು ಬೆಳಕಿಗೆ ಹಿಡಿದು ನೋಡಿದಳು.

"ಅಜ್ಜಿಗೆ ಇಷ್ಟು ಹಲ್ಲು ಯಾವಾಗ ಬಂತು?"

ನಾನು ಬಗ್ಗಿ ನೋಡಿದೆ. ಮೂವತ್ತೆರಡೂ ಇದ್ದವು. ಮಾವನವರ ತಲೆಯಲ್ಲಿ ಕಪ್ಪು ಕೂದಲು ದಟ್ಟವಾಗಿತ್ತು. ಚಿಕ್ಕಮಾವನ ಬಲಗೈಯಲ್ಲಿ ಆರು ಬೆರಳು. ಹಿಂದಿನ ಕಾಫಿ ಗಿಡದಲ್ಲಿ ಗುಲಾಬಿಯಂಥ ಏನೋ ಅರಳಿತ್ತು.

ಎಲ್ಲವನ್ನೂ ಹೇಳಿದೆ. ಕಾರ್ಡು, ಕಾಗೆ, ಬೆಂಗಳೂರು, ಪಾಲಿಶ್. ಅವಳು ಕೂಗಾಡಿದ್ದರೆ ಸಮಾಧಾನವಾಗುತ್ತಿತ್ತು. ಫ್ರೇಮನ್ನು ಮೇಜಿನ ಮೇಲೆ ಬೋರಲು ಹಾಕಿದಳು.

"ಫೋಟೋ ಹೋಗಿದ್ದಕ್ಕೆ ನಂಗೆ ಬೇಜಾರಿಲ್ಲ. ಎಂಬತ್ತಾರು ವರ್ಷದವರ ಹತ್ರ ಹದಿನೈದು ದಿನ ಸುಳ್ಳು ಹೇಳಿದ್ರಲ್ಲ. ಅವ್ರು ದಿನಾ ಕಾಯ್ತಿದ್ರು ರೀ. ನಾಳೆ ಹೋಗಾಣ. ನೀವೇ ಹೇಳ್ಬೇಕು. ನಾನು ಒಂದು ಮಾತೂ ಸೇರ್ಸಲ್ಲ."

ಮರುದಿನ ನಾವು ಬರುತ್ತೇವೆಂದು ತಿಳಿದು, ಫ್ರೇಮು ಬಂತೆಂದೇ ಅಜ್ಜಿ ಚಿಕ್ಕಮಾವನನ್ನೂ ಕರೆಸಿದ್ದರು. ಅವರು ಅಣ್ಣನ ಮನೆಯ ಮೆಟ್ಟಿಲು ಹತ್ತಿ ಒಂಬತ್ತು ವರ್ಷವಾಗಿತ್ತು. ಹಜಾರದಲ್ಲಿ ಒಂದು ಬೆಂಚಿನ ಮೇಲೆ ಅವರು, ಎದುರು ಗೋಡೆಯ ಬೆಂಚಿನ ಮೇಲೆ ಮಾವ. ಎಲ್ಲರೂ ನನ್ನ ಕೈ ನೋಡಿದರು. ಕೈಯಲ್ಲಿ ಏನೂ ಇರಲಿಲ್ಲ.

ನಿಂತುಕೊಂಡೇ ಹೇಳಿದೆ. ಒಂದನ್ನೂ ಬಿಡಲಿಲ್ಲ, ಮೂವತ್ತೆರಡು ಹಲ್ಲನ್ನೂ ಹೇಳಿದೆ.

"ಫೋಟೋನೇ ಇಲ್ವಾ?" ಎಂದರು ಮಾವ.

"ಇಲ್ಲ ಮಾವ."

"ಮತ್ತೆ ಪಾಲಿಶ್ ಅಂದ್ಯಲ್ಲ?" ಮದುವೆಯಾದ ಹದಿಮೂರು ವರ್ಷದಲ್ಲಿ ಅವರು ನನ್ನನ್ನು ಏಕವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು.

"ನಂಗೆ ಕಾಪಿ ಕೊಡ್ತೀನಿ ಅಂತ ತಲೆ ಆಡ್ಸಿದ್ಯಲ್ಲೋ," ಎಂದರು ಚಿಕ್ಕಮಾವ.

"ನಿಂಗೂ ಹೇಳಿದ್ನಾ? ನೋಡು ವೀರ, ಇವನ್ನ."

"ಅಲ್ಲ ಅಣ್ಣ, ಅಂಗಡೀಲಿ ಎದುರಿಗೆ ಕೂತು ಹೇಳ್ದ. ಕಣ್ಣು ಕೂಡ ಮಿಟುಕಿಸ್ಲಿಲ್ಲ."

"ಅವ್ವಂಗೆ ದಿನಾ ಹಣ್ಣಾಗ್ತದೆ ಹಣ್ಣಾಗ್ತದೆ ಅಂತ."

"ಇಂಥೋರ ಕೈಲಿ ಪಂಪ್ ರಿಪೇರಿ ಮಾಡ್ಸಿದೀವಲ್ಲ ಅಣ್ಣ, ನಮ್ಮ ಪುಣ್ಯ."

ಇಬ್ಬರೂ ಸರದಿಯಲ್ಲಿ ಬೈದರು. ಒಬ್ಬರು ದಣಿದಾಗ ಇನ್ನೊಬ್ಬರು ವಹಿಸಿಕೊಂಡರು. ಬೈಯುವ ಅನುಕೂಲಕ್ಕೆಂದು ಮಾವ ಯಾವಾಗಲೋ ಎದ್ದು ಬಂದು ತಮ್ಮನ ಬೆಂಚಿನಲ್ಲಿ ಕುಳಿತಿದ್ದರು. ನಾನು ನೆಲ ನೋಡುತ್ತಿದ್ದೆ. ರೆಡ್‌ಆಕ್ಸೈಡ್ ನೆಲದಲ್ಲಿ ಒಂದು ಬಿರುಕು ಬಾಗಿಲ ತನಕ ಹೋಗಿತ್ತು. ಅದರ ಜೊತೆಗೇ ಹೊರಗೆ ಹೋಗಿಬಿಡುವ ಆಸೆಯಾಯಿತು.

ಆಗ ಅಜ್ಜಿ ಕೋಲೂರಿಕೊಂಡು ಎದ್ದರು. ನನ್ನ ಹತ್ತಿರ ಬರುತ್ತಾರೆಂದು ತಲೆ ಇನ್ನಷ್ಟು ತಗ್ಗಿಸಿದೆ. ಅವರು ನನ್ನನ್ನು ದಾಟಿ ಹೋಗಿ, ಬೆಂಚಿನ ಮೇಲೆ ಇಬ್ಬರು ಮಕ್ಕಳನ್ನೂ ಆಚೀಚೆ ಸರಿಸಿ ನಡುವೆ ಕುಳಿತು, ಸೆರಗು ಸರಿಮಾಡಿಕೊಂಡರು.

"ಕ್ಯಾಮೆರಾ ಕಾರಲ್ಲಿದ್ರೆ ತಗಂಡ್ ಬಾ. ಇವ್ರು ಸುಮ್ನಾಗೋದ್ರೊಳಗೆ," ಎಂದರು.

ತಂದೆ. ಕಾರ್ಡು ಇದೆಯೇ ಎಂದು ನಾಗಶ್ರೀ ಬಾಗಿಲು ತೆರೆದು ನೋಡಿದಳು, ಅತ್ತೆ ನೋಡಿದರು, ಆಮೇಲೆ ಮಾವನವರೂ ಕನ್ನಡಕ ಹಾಕಿಕೊಂಡು ನೋಡಿದರು. ಒಂದೇ ಒಂದು ಫೋಟೋ ತೆಗೆದೆ.

ಅದೀಗ ಆ ಹಜಾರದ ಗೋಡೆಯಲ್ಲಿದೆ. ಕಾಫಿ ಹೂ ಇಲ್ಲ, ಬೆಂಚು ಮತ್ತು ಸುಣ್ಣದ ಗೋಡೆ ಮಾತ್ರ. ಅಜ್ಜಿ ಬಾಯಿ ತುಂಬ ನಗುತ್ತಿದ್ದಾರೆ. ಅಣ್ಣ ತಮ್ಮ ಇಬ್ಬರೂ ಹುಬ್ಬು ಗಂಟಿಕ್ಕಿ, ಹಲ್ಲು ಕಚ್ಚಿ, ನೇರ ಎದುರಿಗೆ ನೋಡುತ್ತಿದ್ದಾರೆ. ಕಳೆದ ವಾರ ನಾವು ಅಲ್ಲಿದ್ದಾಗ ಕಳಸದ ಕಡೆಯ ನೆಂಟರೊಬ್ಬರು ಬಂದಿದ್ದರು. ಫೋಟೋದ ಮುಂದೆ ನಿಂತು, ದನಿ ತಗ್ಗಿಸಿ ಕೇಳಿದರು: "ಎಂತ ಗಿರಿಜಕ್ಕ, ಇಬ್ರ ಮುಖದಲ್ಲೂ ಇಷ್ಟು ಸಿಟ್ಟು? ಇನ್ನೂ ರಾಜಿ ಆಗ್ಲಿಲ್ವಾ?"

ಅಜ್ಜಿ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಾ ಹೇಳಿದರು:

"ರಾಜಿ ಆಗಿದ್ದಕ್ಕೇ ಸಿಟ್ಟು ಒಂದೇ ಕಡೆಗಿದೆ. ಅವ್ರು ನೋಡ್ತಿರಾದು ಇವನನ್ನ. ಇಕಾ, ನಿಂಗೆ ಕಾಫಿ ಹಿಡ್ಕಂಡು ನಿಂತಿದ್ದಾನಲ್ಲ."