ವೆಥರ್ಲಿಯ ತಲೆ, ಡಾಕ್ಟರ ತಲೆನೋವು

ದಂತವೈದ್ಯರ ಮನೆಯ ಶೆಡ್ಡಿನಲ್ಲಿ ಒಂದು ಕಾರು ಇತ್ತು. ಇತ್ತು ಎಂದರೆ ಇತ್ತು, ಅಷ್ಟೇ, ಓಡುತ್ತಿರಲಿಲ್ಲ. ಓಡುವ ಕಾರು ಯಾರ ಮನೆಯಲ್ಲಿಲ್ಲ ಎಂಬುದು ಡಾಕ್ಟರ ವಾದ. ಇದು ವೆಥರ್ಲಿ! ಬ್ರಿಟನ್ನಿನ ಯಾವುದೋ ಗಲ್ಲಿಯಲ್ಲಿ ನಾಲ್ಕು ದಿನ ಉಸಿರಾಡಿ ಬಾಗಿಲು ಹಾಕಿಕೊಂಡ ಪುಟ್ಟ ಕಾರ್ಖಾನೆಯೊಂದರ ಕೂಸು. ಪ್ರಪಂಚದಲ್ಲೆಲ್ಲ ಹುಡುಕಿದರೂ ಬೆರಳೆಣಿಕೆಯಷ್ಟು ಉಳಿದಿವೆಯಂತೆ. (‘ಮಿಕ್ಕೋರೆಲ್ಲ ಬುದ್ಧಿವಂತರು, ಗುಜರಿಗೆ ಹಾಕಿದ್ರು’ ಎಂಬುದು ಹೆಂಡತಿಯ ವ್ಯಾಖ್ಯಾನ.)

ಡಾಕ್ಟರು ಬರೀ ಮಾಲೀಕರಲ್ಲ, ಸಂಶೋಧಕರು. ‘ವೆಥರ್ಲಿ: ಒಂದು ಎಂಜಿನ್ನಿನ ಮಹಾಚರಿತ್ರೆ’ ಎಂಬ ಗ್ರಂಥ ಅವರ ಕೈಯಲ್ಲಿ ಬೆಳೆಯುತ್ತಲೇ ಇತ್ತು. ಬೆಳಗ್ಗೆ ಎದ್ದರೆ ಹಿತ್ತಲಿನ ಒಗೆಯುವ ಕಲ್ಲಿನ ಪಕ್ಕ, ಬಟ್ಟೆಯ ಚಪ್ಪರದ ಕೆಳಗೆ ಕುರ್ಚಿ ಹಾಕಿಕೊಂಡು ಕಾಫಿ ಕುಡಿಯುತ್ತ ಬರೆಯುವರು. ಬರೆದದ್ದನ್ನು ಕ್ಲಿನಿಕ್ಕಿನಲ್ಲಿ ರೋಗಿಗಳಿಗೆ ಒಪ್ಪಿಸುವರು. ಬಾಯಿ ಅಗಲಿಸಿ ಕೂತವರು ಎದುರಾಡುವಂತಿಲ್ಲವಲ್ಲ! ಹಲ್ಲು ಉಜ್ಜುವ ಪುಟ್ಟ ಯಂತ್ರದಿಂದಲೇ ಕಾರಿನ ಮುಂದಿನ ಜಾಲರಿಯನ್ನೂ ಉಜ್ಜಿದ್ದರಿಂದ ಅದು ಸದಾ ಹಲ್ಲು ಕಿರಿದುಕೊಂಡಿರುತ್ತಿತ್ತು.

ಕಾರು ಮನೆಗೆ ಬಂದ ದಿನವೇ ಡಾಕ್ಟರು ಅದರೊಳಗಿನ ಕಸವನ್ನೆಲ್ಲ ಎಸೆದಿದ್ದರು: ಇಲಿಗೂಡು, ತುಕ್ಕು ಹಿಡಿದ ಡಬ್ಬಿಗಳು, ಕೆಸರು ಮೆತ್ತಿದ ಯಾವುದೋ ತಾಡಪಾಲು. ಆಮೇಲೆ ಮಿರಮಿರ ಮಿಂಚುವ ರೆಕ್ಸಿನ್ ಹುಡ್ಡೊಂದನ್ನು ಕಾರಿನ ತಲೆಗೆ ಹೊದಿಸಿದರು. ಮಡಚಿ ಬಿಚ್ಚುವ ಆ ಹುಡ್ಡಿಗೆ ಎಲ್ಲ ಶೋಕಿಯೂ ಇತ್ತು, ಮಳೆ ತಡೆಯುವುದೊಂದನ್ನು ಬಿಟ್ಟು. ನಾಲ್ಕು ಹನಿ ಬಿದ್ದರೆ ಸೀಟಿನ ಮೇಲೆ ಕೆರೆ. ಹಾಗಾಗಿ ಕಾರಿಗೆ ಶೆಡ್ಡು ಬೇಕೇ ಬೇಕು.

ಆ ಶೆಡ್ಡಿನ ಮೇಲೆ ಹೆಂಡತಿಗೂ ಕಣ್ಣಿತ್ತು. ಅವಳು ಹೊಲಿಗೆಯಲ್ಲಿ ಎತ್ತಿದ ಕೈ. ಜಾಗವಿಲ್ಲದೆ ಹಾಲಿನಲ್ಲೇ ಮೆಷಿನ್ನು, ಸೋಫಾದ ಮೇಲೆ ಪರದೆಗಳ ರಾಶಿ, ಊಟದ ತಟ್ಟೆಯಲ್ಲಿ ದಾರ. ಗುಂಡುಸೂಜಿಗಳು ಹೇಗೋ ಡಾಕ್ಟರನ್ನೇ ಹುಡುಕಿಕೊಂಡು ಹೋಗಿ ಚುಚ್ಚುತ್ತಿದ್ದವು.

“ರೀ, ಆ ಶೆಡ್ಡು ನನಗೆ ಕೊಡಿ. ಹಾಲ್‌ನಲ್ಲಿ ಹೊಲಿದೂ ಹೊಲಿದೂ ಸಾಕಾಯ್ತು.”

“ಈಗ ಬರೀತಾ ಇದ್ದೀನಿ ಕಣೇ. ಅಪಾಯಿಂಟ್‌ಮೆಂಟ್ ತಗೊಂಡು ಬಾ.”

ಈ ಮಾತನ್ನು ಡಾಕ್ಟರು ತಮಾಷೆಗೆ ಹೇಳುತ್ತಿದ್ದರು. ಅವಳು ತಮಾಷೆಗೆ ಕೇಳಿಸಿಕೊಳ್ಳುತ್ತಿರಲಿಲ್ಲ.

ಕೊನೆಗೊಂದು ದಿನ ಡಾಕ್ಟರಿಗೆ ದಿವ್ಯವಾದ ಉಪಾಯ ಹೊಳೆಯಿತು. ಹಳೇ ಕಾರುಗಳ ಸಂಘದ ಪರೀಕ್ಷಕರನ್ನು ಕರೆಸುವುದು. ಅವರು ‘ಇದು ಅಸಲಿ ವೆಥರ್ಲಿ’ ಎಂದುಬಿಟ್ಟರೆ ಶೆಡ್ಡಿನ ಮಾತು ಮತ್ತೆ ಎತ್ತಕೂಡದು.

“ಅಲ್ಲ ಅಂದ್ರೆ?” ಎಂದಳು ಹೆಂಡತಿ.

“ಅಂದ್ರೆ ಶೆಡ್ಡು ನಿಂದು. ಕಾರನ್ನ ಗುಜರಿಗೆ ನಾನೇ ತಳ್ಕೊಂಡು ಹೋಗ್ತೀನಿ, ಸರೀನಾ?”

“ಕೊಟ್ಟ ಮಾತಿಗೆ ತಪ್ಪಬಾರದು.”

“ತಪ್ಪೋ ಪ್ರಶ್ನೆಯೇ ಇಲ್ಲ!” ಎಂದು ಡಾಕ್ಟರು ಎದೆ ತಟ್ಟಿಕೊಂಡರು.

ಪರೀಕ್ಷಕರು ಬಂದರು. ಒಣಕಲು ದೇಹದ, ನಗು ಎಂಬುದನ್ನು ಮನೆಯಲ್ಲೇ ಇಟ್ಟು ಬಂದಿದ್ದ ಹಿರಿಯರು. ಸ್ವತಃ ಒಂದು ವೆಥರ್ಲಿಯ ಒಡೆಯರು. ಡಾಕ್ಟರು ಗ್ರಂಥವನ್ನು ಕಂಕುಳಲ್ಲಿಟ್ಟುಕೊಂಡು ಎಂಜಿನ್ನಿನ ಗುಣಗಾನಕ್ಕೆ ತೊಡಗಿದರು. ಹಿರಿಯರು ಕೈಯೆತ್ತಿ ನಿಲ್ಲಿಸಿದರು.

“ಎಂಜಿನ್ ಚೆನ್ನಾಗಿದೆ ಡಾಕ್ಟ್ರೇ. ಆದ್ರೆ ಅದು ವೆಥರ್ಲಿಯವರದ್ದಲ್ಲ. ಅವರು ಎಂಜಿನ್ ಮಾಡ್ಲೇ ಇಲ್ಲ. ಎಂಜಿನ್ ಒಬ್ಬರದ್ದು, ಗೇರು ಇನ್ನೊಬ್ಬರದ್ದು, ದೀಪ ಮತ್ತೊಬ್ಬರದ್ದು. ಎಲ್ಲಾ ಕೊಂಡ್ಕೊಂಡು ಬಂದು ಜೋಡಿಸ್ತಿದ್ರು. ಇದೇ ಎಂಜಿನ್ ನೀರೆತ್ತೋ ಪಂಪಿಗೂ ಹಾಕಿದಾರೆ.”

(ಈ ಸಂಗತಿಯನ್ನು ಡಾಕ್ಟರು ಎಲ್ಲೋ ಓದಿದ್ದರು. ಹೊಟ್ಟೆಕಿಚ್ಚಿನವರು ಹಬ್ಬಿಸಿದ್ದು ಎಂದು ಪುಟ ತಿರುವಿ ಹಾಕಿದ್ದರು.)

“ಅವರದ್ದು ಅಂತ ಇದ್ದಿದ್ದು ಎರಡೇ. ಒಂದು ಮೈ, ಅದಕ್ಕೆ ನೀವು ಬಣ್ಣದ ಮೇಲೆ ಬಣ್ಣ ಬಳಿದು ಗುರುತೇ ಸಿಗದ ಹಾಗೆ ಮಾಡಿದೀರಿ. ಇನ್ನೊಂದು ಅವರೇ ಹೊಲಿದ ಹುಡ್ಡು, ಅದರ ಜಾಗದಲ್ಲಿ ಈ ರೆಕ್ಸಿನ್ ಇದೆ. ಇನ್ನು ಯಾವ ಬಾಯಲ್ಲಿ ಇದನ್ನ ವೆಥರ್ಲಿ ಅನ್ನಲಿ?”

ಡಾಕ್ಟರ ಮುಖ ಹಲ್ಲು ಕೀಳಿಸಿಕೊಳ್ಳಲು ಬಂದವರ ಮುಖದಂತಾಯಿತು. ಹೆಂಡತಿ ಆಗಲೇ ಟೇಪು ಹಿಡಿದು ಶೆಡ್ಡಿನ ಗೋಡೆ ಅಳೆಯುತ್ತಿದ್ದಳು.

ಆಮೇಲೆ ಹಿತ್ತಲಲ್ಲಿ ನಿಂತು ಕಾಫಿ ಕುಡಿಯುತ್ತಿದ್ದಾಗ ಮಳೆ ಧೋ ಎಂದಿತು. ಲೋಟಗಳನ್ನು ಹಿಡಿದುಕೊಂಡು ಎಲ್ಲರೂ ಹತ್ತಿರದಲ್ಲೇ ಇದ್ದ ಚಪ್ಪರಕ್ಕೆ ನುಗ್ಗಿದರು. ಸುತ್ತ ನೀರೋ ನೀರು. ಹಿರಿಯರ ಬೋಳು ತಲೆಯ ಮೇಲೆ ಮಾತ್ರ ಒಂದು ಹನಿಯೂ ಇಲ್ಲ. ಅವರು ತಲೆಯೆತ್ತಿ ನೋಡಿದರು. ಕುರ್ಚಿ ಹತ್ತಿ ನೋಡಿದರು. ಬಟ್ಟೆಯ ಅಂಚನ್ನು ಬೆರಳಲ್ಲಿ ಸವರಿದರು.

“ಎರಡು ಸಾಲು ನೇರ, ನಡುವೆ ಒಂದು ಸಾಲು ಓರೆ... ಇದು ಎಲ್ಲಿಂದ ಬಂತಮ್ಮ?”

ಹೆಂಡತಿ ಗಂಡನ ಕಡೆ ನೋಡಿದಳು. ಸಂತೆಯಲ್ಲಿ ಕೊಂಡೆ ಎಂದುಬಿಟ್ಟರೆ ಶೆಡ್ಡು ಅವಳದು. ಆದರೆ ಗ್ರಂಥವನ್ನು ತಬ್ಬಿಕೊಂಡು, ಕಾರನ್ನು ಕಳಕೊಂಡವನಂತೆ ನಿಂತಿದ್ದ ಆ ಮನುಷ್ಯನನ್ನು ಕಂಡು ಅವಳ ಕರುಳು ಚುರುಕ್ಕೆಂದಿತು.

“ಆ ಕಾರಿನ ಜೊತೇಲೇ ಬಂದಿದ್ದು. ಇವರು ಕಸ ಅಂತ ಎಸೆದ್ರು. ನಾನು ಒಗೆದು, ಹರಿದಿದ್ದನ್ನ ಹೊಲಿದು ಕಟ್ಟಿದೆ. ಆ ಹೊಲಿಗೆ ಬಿಚ್ಚಿ ಕಲಿಯೋ ಹೊತ್ತಿಗೆ ನನಗೆ ಸಾಕುಸಾಕಾಗಿತ್ತು.”

“ಹುಡ್ಡು ಅಮ್ಮಾ, ಇದು ವೆಥರ್ಲಿ ಹುಡ್ಡು! ನನ್ನ ಕಾರಿಗೂ ಇಲ್ಲ!” ಹಿರಿಯರು ಕುರ್ಚಿಯಿಂದ ಬೀಳುವುದೊಂದು ಬಾಕಿ. “ಡಾಕ್ಟ್ರೇ, ನಿಮ್ಮದು ಅಸಲಿ!”

ಡಾಕ್ಟರು ಮಳೆಯಲ್ಲೇ ಕುಣಿದರು. ಗೆದ್ದೆ, ಗೆದ್ದೆ ಎಂದು ಕೂಗಿದರು. ದಿನಾ ಬೆಳಗ್ಗೆ ಆ ಹುಡ್ಡಿನ ಕೆಳಗೇ ಕೂತು ಎಂಜಿನ್ನಿನ ಚರಿತ್ರೆ ಬರೆದದ್ದು ಆ ಸಂಭ್ರಮದಲ್ಲಿ ಅವರ ತಲೆಗೆ ಹೋಗಲಿಲ್ಲ. ಹಿರಿಯರಿಗೂ ಅವರಿಗೂ ಅದನ್ನು ಬಿಚ್ಚಿ ಕಾರಿಗೆ ತೊಡಿಸುವವರೆಗೆ ಪುರುಸೊತ್ತಿಲ್ಲ.

“ಇದೊಂದು ಇದ್ರೆ ಸಾಕು,” ಎಂದರು ಹಿರಿಯರು. “ಗಾಡಿ ಎಂಥಾ ಮಳೇಲಿ ನಿಂತರೂ ಒಂದು ಹನಿ ಒಳಗೆ ಬರಲ್ಲ.”

“ಹೌದಾ?” ಎಂದಳು ಹೆಂಡತಿ, ಬಹಳ ಮೆತ್ತಗೆ. “ಹಾಗಾದ್ರೆ ಕಾರು ಹೊರಗೇ ನಿಲ್ಲಬಹುದಲ್ಲ?”

ಡಾಕ್ಟರ ಕುಣಿತ ಅರ್ಧಕ್ಕೇ ನಿಂತಿತು. ಹಿರಿಯರು ಬೇರೆ ತಲೆಯಾಡಿಸಿದರು.

“ಖಂಡಿತ. ಶೆಡ್ಡೇ ಬೇಕಾಗಿಲ್ಲ. ಅಮ್ಮಾ, ನನ್ನ ಕಾರಿಗೂ ಒಂದು ಹೊಲಿದುಕೊಡಿ. ಸಂಘದಲ್ಲಿ ಇನ್ನೂ ಕೆಲವರು ಕೇಳ್ತಾರೆ. ಹರಡಿಕೊಂಡು ಹೊಲಿಯೋಕೆ ದೊಡ್ಡ ಜಾಗ ಬೇಕಾಗುತ್ತೆ, ಅಷ್ಟೇ.”

“ಶೆಡ್ಡಿನ ಮಾತು ಎತ್ತಬಾರದು ಅಂತ ಇವರು ಹೇಳಿದಾರೆ. ನಾನು ಎತ್ತಿಲ್ಲಪ್ಪ, ನೀವೇ ಎತ್ತಿದ್ದು” ಎಂದಳು ಅವಳು. ಆಮೇಲೆ ಸ್ಟೇರಿಂಗ್ ಹಿಡಿದು ಕೂತಳು; ಗಂಡಸರಿಬ್ಬರೂ ಕಾರನ್ನು ಹಿಂದಿನಿಂದ ಹಿತ್ತಲಿಗೆ ತಳ್ಳಿದರು.

ಈಗ ಚಪ್ಪರವಿದ್ದ ಜಾಗದಲ್ಲಿ ವೆಥರ್ಲಿ ಸಂಘದ ಬಿಲ್ಲೆ ಧರಿಸಿ ಬೀಗುತ್ತ ನಿಂತಿದೆ. ಹುಡ್ಡು ಉಳಿಸಿದವಳೆಂದು ಬಿಲ್ಲೆ ಹೆಂಡತಿಯ ಹೆಸರಿನಲ್ಲಿದ್ದರೇನಂತೆ, ಡಾಕ್ಟರ ಗತ್ತಿಗೇನೂ ಕಮ್ಮಿಯಿಲ್ಲ. ಡ್ರೈವರ್ ಸೀಟಿನಲ್ಲಿ ಬೆಚ್ಚಗೆ ಕೂತು ಗ್ರಂಥವನ್ನು ಮೊದಲಿನಿಂದ ಬರೆಯುತ್ತಿದ್ದಾರೆ. “ಎಂಜಿನ್ ಯಾರು ಬೇಕಾದ್ರೂ ಮಾಡ್ತಾರೆ ರೀ, ಹುಡ್ಡು ನೋಡಿ ಹುಡ್ಡು!” ಎಂದು ರೋಗಿಗಳ ಕಿವಿ ಕಚ್ಚುತ್ತಾರೆ.

ಒಂದೇ ತೊಡಕು. ಹೊಸ ಗ್ರಂಥದ ಮೊದಲ ಅಧ್ಯಾಯವೇ ಆ ಹೊಲಿಗೆ. ಅದು ಗೊತ್ತಿರುವುದು ಒಬ್ಬಳಿಗೆ ಮಾತ್ರ. ಡಾಕ್ಟರು ಶೆಡ್ಡಿನ ಬಾಗಿಲಿಗೆ ಹೋಗಿ ಗಂಟಲು ಸರಿಪಡಿಸಿಕೊಂಡರು.

“ಏನೇ, ಆ ನಡುವಿನ ಓರೆ ಸಾಲು ಹೇಗೆ ಹಾಕೋದು, ಒಂಚೂರು ಹೇಳ್ತೀಯಾ?”

ಒಳಗೆ ಮೆಷಿನ್ನು ನಿಲ್ಲಲಿಲ್ಲ. ಅವಳು ತಲೆಯನ್ನೂ ಎತ್ತಲಿಲ್ಲ.

“ಕೈತುಂಬ ಕೆಲಸ ಇದೆ ರೀ. ಅಪಾಯಿಂಟ್‌ಮೆಂಟ್ ತಗೊಂಡು ಬನ್ನಿ.”