ಇಲಿಯ ಹೊಟ್ಟೆಯ ಬೆಳಕು ಅಳೆಯುವ ನಮ್ಮಕ್ಕ

ಧನಕವಡಿಯ ನಮ್ಮಕ್ಕನ ಮನೆಯಲ್ಲಿ ಉಂಡು ಬಂದವರು ಬೇಕಾದಷ್ಟು ಜನರಿದ್ದಾರೆ. ಹೆದರದೆ ಉಂಡು ಬಂದವರು ಮಾತ್ರ ನನಗೆ ಇನ್ನೂ ಸಿಕ್ಕಿಲ್ಲ!

ಹೆದರದೆ ಏನು ಮಾಡುತ್ತಾರೆ ಹೇಳಿ? ಪ್ರಯೋಗಾಲಯದಲ್ಲಿ ಇಲಿಗಳಿಗೆ ಟೈಫಾಯ್ಡಿನಂಥ ಜ್ವರ ತರುವ ಬ್ಯಾಕ್ಟೀರಿಯಾ ಕೊಟ್ಟು, ಅವು ಒಳಗೆ ಹೋಗಿ ಏನು ಕಿತಾಪತಿ ಮಾಡುತ್ತವೆಂದು ಅಳೆಯುವುದೇ ಅವಳ ಉದ್ಯೋಗ. "ಗಾಜಿನ ತಾಟಿನೊಳಗ ಇವು ಭಾಳ ಸಭ್ಯಸ್ಥರಪಾ. ಜೀವ ಇದ್ದ ಮೈಯೊಳಗ ಹೊಕ್ಕಮ್ಯಾಲೆನ ರೋಗ ತರೋ ಜೀನುಗಳು ಎಚ್ಚರ ಆಗ್ತಾವ" ಎನ್ನುತ್ತಾಳೆ, ಸರಿಯಾಗಿ ನಾನು ಭೇಳ್‌ಪುರಿ ಬಾಯಿಗಿಡುವಾಗ! ಆ ಜೀನಿಗೆ ಬೆಳಕು ಕೊಡುವ ಇನ್ನೊಂದು ಜೀನನ್ನು ಜೋಡಿಸಿರುತ್ತಾರಂತೆ. ಅದು ಎಚ್ಚರವಾದರೆ ಬದುಕಿರುವ ಇಲಿಯ ಹೊಟ್ಟೆ ಮಂದವಾಗಿ ಹೊಳೆಯುತ್ತದೆ. ಕತ್ತಲೆ ಪೆಟ್ಟಿಗೆಯೊಳಗಿನ ಕ್ಯಾಮೆರಾ ಆ ಹೊಳಪನ್ನು ಅಳೆಯುತ್ತದೆ. ಇದನ್ನು ಕೇಳಿದ ದಿನ ನಾನು ದೀಪ ಆರಿಸಿ ನನ್ನ ಹೊಟ್ಟೆ ನೋಡಿಕೊಂಡೆ. ಸುಳ್ಳೇಕೆ ಹೇಳಲಿ?

ಪ್ರಯೋಗಾಲಯದ ರೂಢಿಯಂತೆ ಮನೆಯ ಫ್ರಿಜ್ಜಿನ ಡಬ್ಬಿಗಳಿಗೂ ಅವಳು ಚೀಟಿ ಅಂಟಿಸುತ್ತಾಳೆ. ಒಮ್ಮೆ ಮೊಸರಿನ ಹೆಪ್ಪಿನ ಮೇಲೆ "ಜೀವಂತ ಅದ. ಸೋಮವಾರ" ಎಂದು ಬರೆದಿದ್ದಳು. ಬೆಳಗಾವಿಯಿಂದ ಬಂದಿದ್ದ ಕಾಕಾ ಅದನ್ನು ಓದಿದವರೇ, "ಬರ್ತೀನವಾ, ಖರಾಡಿಯೊಳಗ ಜರಾ ಕೆಲಸ ಅದ" ಎಂದು ಎದ್ದುಬಿಟ್ಟರು. ಊರಿನ ಆ ತುದಿಯ ಖರಾಡಿಯಲ್ಲಿ ಅವರಿಗೆ ಪರಿಚಯದ ಒಂದು ನಾಯಿಯೂ ಇಲ್ಲ!

ಹೋದ ಮಳೆಗಾಲ ನನ್ನ ನಾಲ್ಕು ವರ್ಷದ ಮಗಳಿಗೆ ಐದು ದಿನ ಜ್ವರ ಇಳಿಯಲಿಲ್ಲ. ರಕ್ತಪರೀಕ್ಷೆಯಲ್ಲಿ ಟೈಫಾಯ್ಡ್ ಎಂದು ಬಂತು. ಅಂದರೆ ಅಕ್ಕ ಇಲಿಗಳಲ್ಲಿ ಅಳೆಯುವ ಅದೇ ಕುಲದ ಪೀಡೆ! "ಘಾಬರೂ ನಕಾ" ಎಂದು ಡಾಕ್ಟರು ಮರಾಠಿಯಲ್ಲಿ ಧೈರ್ಯ ಹೇಳಿ ಔಷಧ ಶುರು ಮಾಡಿದರು. ಅಕ್ಕ ಬಂದು ಹಾಸಿಗೆಯ ಪಕ್ಕ ಕೂತಳು. ಇನ್ನೇನು ಹೇಳಿ ಹೆದರಿಸುತ್ತಾಳೋ ಎಂದು ನನ್ನ ಜೀವ ಬಾಯಿಗೆ ಬಂದಿತ್ತು. ಅವಳು ಹೆದರಿಸುವ ಬದಲು ಮಗುವಿನ ಹಣೆಯ ಒದ್ದೆ ಬಟ್ಟೆ ಬದಲಿಸತೊಡಗಿದಳು. ಅದರಿಂದ ಇನ್ನೂ ಭಯವಾಯಿತು.

"ಅಕ್ಕಾ, ಒಳಗ ಏನ ನಡದದ, ಹೇಳ."

"ನನಗೇನ ಗೊತ್ತೋ! ಇಲಿ ಆಗಿದ್ರ ಅಳೀತಿದ್ದೆ. ಇದು ನಮ್ಮ ಕೂಸು" ಎಂದಳು. ಒದ್ದೆ ಬಟ್ಟೆಯನ್ನು ಹಿಂಡುವುದನ್ನೂ ಮರೆತು ಹಾಗೆಯೇ ಹಣೆಗಿಟ್ಟಳು. ಅವಳಿಗೂ ಹೆದರಿಕೆಯಾಗುತ್ತದೆಂದು ನನಗೆ ಗೊತ್ತಾದದ್ದೇ ಅಂದು.

ನಾಲ್ಕು ದಿನ ಅವಳು ಅಲ್ಲಿಂದ ಕದಲಲಿಲ್ಲ. ಕೊನೆಯ ದಿನ ಮಧ್ಯಾಹ್ನ ಮಗು ಬೆವರಿತು. ಅಕ್ಕ ಥರ್ಮಾಮೀಟರ್ ಇಟ್ಟಳು. ಜ್ವರ ಇರಲಿಲ್ಲ. ನಂಬದೆ ಮತ್ತೆ ಇಟ್ಟಳು. ಯಂತ್ರ ಕೆಟ್ಟಿರಬಹುದೆಂದು ನನ್ನ ಕಂಕುಳಿಗೂ ತುರುಕಿದಳು! ಆಮೇಲೆ ಅದನ್ನು ಅತ್ತ ಇಟ್ಟು, ಮಗುವಿನ ಹೊಟ್ಟೆಗೆ ಕೆನ್ನೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು.

"ಅತ್ತೀ, ಕಚಗುಳಿ ಆಗ್ತದ" ಎಂದು ಮಗು, ಒಂಬತ್ತು ದಿನಗಳ ಮೇಲೆ, ನಕ್ಕಿತು.